ವಾಲ್ಟ್ಜ್‌ಗೆ ಹಾಡು ಆರಿಸುವುದು ಹೇಗೆ?

ಒಂದು-ಎರಡು-ಮೂರು ಎಣಿಕೆಗೆ ಜೋಡಿಯಾಗಿ ಕುಣಿಯುವ ಪಾಶ್ಚಾತ್ಯ ನೃತ್ಯ ವಾಲ್ಟ್ಜ್. ಅದನ್ನು ಕಲಿಯಲು ಸೇರಿದವರು ಮೊದಲ ತಿಂಗಳು ಮುಗಿಯುವುದರೊಳಗೆ ಕೇಳುವ ಪ್ರಶ್ನೆ: ‘ಮನೆಯಲ್ಲಿ ಅಭ್ಯಾಸ ಮಾಡೋಕೆ ಯಾವ ಹಾಡು ಹಾಕಿಕೊಳ್ಳಲಿ?’ ಹುಡುಕಿದರೆ ಉದ್ದುದ್ದ ಪಟ್ಟಿಗಳು ಸಿಗುತ್ತವೆ. ಆದರೆ ಅಂಥ ಪಟ್ಟಿಗಳಲ್ಲಿ ಬಹಳಷ್ಟು ಕೂತು ಕೇಳುವವರು ಮಾಡಿದವು. ಹೆಸರಿನಲ್ಲಿ ವಾಲ್ಟ್ಜ್ ಅಂತಿದ್ದರೆ ಸಾಕು, ಸೇರಿಸಿಬಿಟ್ಟಿರುತ್ತಾರೆ. ಅದನ್ನು ಹಾಕಿಕೊಂಡು ಕುಣಿಯಲು ನಿಂತರೆ ಕಾಲು ತಡವರಿಸುತ್ತದೆ. ತಮಗೇ ಲಯಜ್ಞಾನವಿಲ್ಲ ಅಂದುಕೊಂಡು ಕಲಿಯುವವರು ಕುಗ್ಗುತ್ತಾರೆ. ಎಷ್ಟೋ ಸಲ ತೊಂದರೆ ಇರುವುದು ಕಾಲಿನಲ್ಲಲ್ಲ, ಹಾಡಿನ ಆಯ್ಕೆಯಲ್ಲಿ.

ಕುಣಿಯುವ ವಾಲ್ಟ್ಜ್‌ಗೆ ಹಾಡು ಚೆನ್ನಾಗಿದ್ದರೆ ಸಾಲದು. ‘ಒಂದು’ ಎಲ್ಲಿ ಬೀಳುತ್ತದೆ ಅನ್ನುವುದು ದೇಹಕ್ಕೆ ಯೋಚಿಸದೆ ತಿಳಿಯಬೇಕು, ವೇಗ ನೀವು ಕುಣಿಯುವ ಬಗೆಗೆ ಹೊಂದಬೇಕು, ಆ ವೇಗ ಮೊದಲಿಂದ ಕೊನೆಯವರೆಗೆ ಅಲುಗಬಾರದು. ಈ ಮೂರೂ ಇರುವ ಹಾಡುಗಳನ್ನು ಮೊದಲು ಬೇರ್ಪಡಿಸಿಕೊಳ್ಳಿ. ಅವುಗಳಲ್ಲಿ ಮನಸ್ಸಿಗೆ ಹಿಡಿಸಿದ್ದನ್ನು ಆಮೇಲೆ ಆರಿಸಿ. ಈ ಕ್ರಮ ಉಲ್ಟಾ ಆದಾಗಲೇ ಪೇಚಾಟ ಶುರುವಾಗುವುದು.

1. ಯಾವ ವಾಲ್ಟ್ಜ್ ಕುಣಿಯುತ್ತೀರಿ ಅಂತ ಮೊದಲು ನಿಶ್ಚಯಿಸಿ

ವಾಲ್ಟ್ಜ್ ಒಂದೇ ನೃತ್ಯವಲ್ಲ. ಬಾಲ್‌ರೂಮ್ ತರಗತಿಗಳಲ್ಲಿ ಹೆಚ್ಚಾಗಿ ಮೊದಲು ಕಲಿಸುವುದು ಸ್ಲೋ ವಾಲ್ಟ್ಜ್. ಇಂಗ್ಲಿಷ್ ವಾಲ್ಟ್ಜ್ ಅಂತಲೂ ಅದಕ್ಕೆ ಹೆಸರಿದೆ. ದೇಹ ನಿಧಾನವಾಗಿ ಏರಿ ಇಳಿಯುವ, ದೊಡ್ಡ ಹೆಜ್ಜೆಗಳ ನೃತ್ಯ ಅದು. ವಿಯೆನ್ನೀಸ್ ವಾಲ್ಟ್ಜ್ ಅದಕ್ಕಿಂತ ಹಳೆಯದು ಮತ್ತು ಸರಿಸುಮಾರು ಅದರ ಎರಡರಷ್ಟು ವೇಗದ್ದು. ಅದರಲ್ಲಿ ಹೆಚ್ಚು ಹೊತ್ತು ಸುತ್ತುವುದೇ ಕೆಲಸ.

ಇಲ್ಲಿ ಲೆಕ್ಕವನ್ನು ಬಾರ್‌ಗಳಲ್ಲಿ ಹೇಳುತ್ತಾರೆ. ಒಂದು-ಎರಡು-ಮೂರು ಅಂತ ಒಮ್ಮೆ ಎಣಿಸಿದರೆ ಒಂದು ಬಾರ್. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಸ್ಲೋ ವಾಲ್ಟ್ಜ್‌ಗೆ ನಿಮಿಷಕ್ಕೆ 28ರಿಂದ 30 ಬಾರ್, ವಿಯೆನ್ನೀಸ್‌ಗೆ 58ರಿಂದ 60 ಬಾರ್. ಬೀಟ್‌ಗಳಲ್ಲಿ, ಅಂದರೆ ಒಂದೊಂದು ಎಣಿಕೆಯ ಲೆಕ್ಕದಲ್ಲಿ ಹೇಳುವುದಾದರೆ ಮೊದಲನೆಯದು ನಿಮಿಷಕ್ಕೆ 84–90, ಎರಡನೆಯದು 174–180. ಅಂದರೆ ವಿಯೆನ್ನೀಸ್‌ನಲ್ಲಿ ಸೆಕೆಂಡಿಗೆ ಹತ್ತಿರಹತ್ತಿರ ಮೂರು ಹೆಜ್ಜೆ. ಸ್ಲೋ ವಾಲ್ಟ್ಜ್‌ನಲ್ಲಿ ಒಂದೊಂದು ಹೆಜ್ಜೆಗೆ ಮುಕ್ಕಾಲು ಸೆಕೆಂಡಿಗಿಂತ ತುಸು ಕಡಿಮೆ ಸಮಯ ಸಿಗುತ್ತದೆ. ಅಮೆರಿಕನ್ ಶೈಲಿಯ ವಿಯೆನ್ನೀಸ್ ಇದಕ್ಕಿಂತ ಕೊಂಚ ನಿಧಾನ, ಸುಮಾರು 54 ಬಾರ್.

ಈ ಎರಡರ ನಡುವೆ ಒಂದು ಅಗಲವಾದ ಜಾಗವಿದೆ. ಕಿವಿಗೆ ತುಂಬಾ ಹಿತವಾದ ಎಷ್ಟೋ ಹಾಡುಗಳು ಬಂದು ಕೂರುವುದು ಅಲ್ಲೇ, ನಿಮಿಷಕ್ಕೆ 35ರಿಂದ 48 ಬಾರ್‌ನ ಆಸುಪಾಸಿನಲ್ಲಿ. ಸ್ಲೋ ವಾಲ್ಟ್ಜ್ ಕುಣಿಯಲು ಹೋದರೆ ಹೆಜ್ಜೆ ಓಟವಾಗುತ್ತದೆ, ಏರಿಳಿತಕ್ಕೆ ಸಮಯವೇ ಸಿಗುವುದಿಲ್ಲ. ವಿಯೆನ್ನೀಸ್ ಕುಣಿಯಲು ಹೋದರೆ ಸುತ್ತು ಅರ್ಧದಲ್ಲೇ ಸೋಲುತ್ತದೆ. ‘ಹಾಡು ವಾಲ್ಟ್ಜೇ, ಆದರೂ ಕುಣಿಯೋಕೆ ಆಗ್ತಿಲ್ಲ’ ಅಂತ ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಆ ಹಾಡು ಈ ನಡುವಿನ ಜಾಗದ್ದೇ ಅಂತ. ನಿಮಗೆ ಕಾಲನ್ನು ಅಡ್ಡ ದಾಟಿಸಿ ಹೆಜ್ಜೆಯಿಡುವ ಕ್ರಾಸ್-ಸ್ಟೆಪ್ ವಾಲ್ಟ್ಜ್ ಬರುವುದಾದರೆ ನಿಮಿಷಕ್ಕೆ 36–40 ಬಾರ್‌ನ ಹಾಡುಗಳು ಅದಕ್ಕೆ ಚೆನ್ನಾಗಿ ಕೂರುತ್ತವೆ. ಬಾರದಿದ್ದರೆ ಅವನ್ನು ಕೇಳುವ ಪಟ್ಟಿಗೆ ಸೇರಿಸಿ.

2. ‘ಒಂದು’ ಎಲ್ಲಿದೆ ಹುಡುಕಿ

ಹಾಡು ಹಾಕಿ, ಕೂತುಕೊಂಡೇ ಕೇಳಿ. ಕಾಲಿನಲ್ಲಿ ‘ಒಂದು’ಗಳನ್ನು ಮಾತ್ರ ತಟ್ಟಿ, ಎರಡು ಮೂರನ್ನು ಬಿಟ್ಟುಬಿಡಿ. ಹಾಡಿನ ರಾಗದ ಹಿಂದೆ ಹೋಗಬೇಡಿ, ಅದು ದಾರಿ ತಪ್ಪಿಸುತ್ತದೆ. ತಳದಲ್ಲಿರುವ ವಾದ್ಯಕ್ಕೆ ಕಿವಿ ಕೊಡಿ: ಡಬಲ್ ಬಾಸ್, ಟ್ಯೂಬಾ, ಪಿಯಾನೋದ ಎಡಗೈ, ಬಾಸ್ ಗಿಟಾರ್, ಯಾವುದಿದೆಯೋ ಅದು. ವಾಲ್ಟ್ಜ್‌ನ ಪಕ್ಕವಾದ್ಯದ ಕಟ್ಟು ಬಹುಮಟ್ಟಿಗೆ ಒಂದೇ ಥರ: ಒಂದರಲ್ಲಿ ತಳದ ಭಾರವಾದ ಸ್ವರ, ಎರಡು ಮೂರರಲ್ಲಿ ಮೇಲಿನ ಹಗುರ ಸ್ವರಮೇಳ. ಧುಮ್-ತಕ-ತಕ, ಧುಮ್-ತಕ-ತಕ. ಆ ‘ಧುಮ್’ ಎಲ್ಲಿದೆಯೋ ಅಲ್ಲೇ ನಿಮ್ಮ ಮೊದಲ ಹೆಜ್ಜೆ.

ರಾಗ ಹೇಗೆ ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ ಎಲ್ಲರೂ ಕೇಳಿರುವ ಉದಾಹರಣೆಯೇ ಇದೆ. ಎರಡನೇ ಯೊಹಾನ್ ಸ್ಟ್ರಾಸ್ 1867ರಲ್ಲಿ ಹೊರತಂದ ‘ಬ್ಲೂ ಡ್ಯಾನ್ಯೂಬ್’ನ ಮೊದಲ ವಾಲ್ಟ್ಜ್‌ನ ಟ್ಯೂನ್ ಶುರುವಾಗುವುದು ಒಂದರ ಮೇಲಲ್ಲ, ಅದರ ಹಿಂದಿನ ಮೂರರ ಮೇಲೆ. ಮೊದಲ ಎರಡು ಸ್ವರಗಳೂ ಒಂದೇ ಸ್ವರಸ್ಥಾನದಲ್ಲಿವೆ. ಎರಡನೆಯದೇ ನಿಜವಾದ ‘ಒಂದು’. ಹೊಸಬರು ಮೊದಲನೆಯದು ಕೇಳಿದ ಕೂಡಲೇ ಕಾಲಿಡುತ್ತಾರೆ. ಅಲ್ಲಿಂದ ಅವರ ಎಣಿಕೆ ಒಂದು ಬೀಟ್ ಮುಂದಿರುತ್ತದೆ, ಹಾಡು ಹಿಂದಿರುತ್ತದೆ, ಏನೋ ಸರಿಯಿಲ್ಲ ಅನ್ನಿಸುತ್ತಲೇ ಇರುತ್ತದೆ. ಇದಕ್ಕೆ ತದ್ವಿರುದ್ಧ ಹೆನ್ರಿ ಮ್ಯಾನ್ಸಿನಿ ಸಂಯೋಜಿಸಿದ 1961ರ ‘ಮೂನ್ ರಿವರ್’. ಅದರ ಮೊದಲ ಪದವೇ ‘ಒಂದರ’ ಮೇಲೆ ಬೀಳುತ್ತದೆ, ಆ ಒಂದೇ ಸ್ವರ ಇಡೀ ಬಾರ್ ನಿಲ್ಲುತ್ತದೆ. ಮೊದಲ ಹೆಜ್ಜೆ ಇಡಲು ಇಷ್ಟು ಸ್ಪಷ್ಟವಾದ ಕರೆ ಸಿಗುವುದು ಅಪರೂಪ. ಸ್ಥಿರ ಲಯದಲ್ಲಿರುವ ಅದರ ರೆಕಾರ್ಡಿಂಗ್ ಸಿಕ್ಕರೆ ಸ್ಲೋ ವಾಲ್ಟ್ಜ್ ಕಲಿಯುವವರಿಗೆ ಧಾರಾಳವಾಗಿ ಕೊಡಬಹುದು.

ಹಾಗಂತ ಮೂರರ ಎಣಿಕೆಯಲ್ಲಿರುವುದೆಲ್ಲ ವಾಲ್ಟ್ಜ್ ಆಗುವುದಿಲ್ಲ. ಮಿನ್ಯೂಯೆಟ್ ಎಂಬ ಹಳೆಯ ನೃತ್ಯ ಮೂರರದ್ದೇ, ಆದರೆ ಅದರಲ್ಲಿ ಮೂರು ಬೀಟ್‌ಗೂ ಹೆಚ್ಚುಕಡಿಮೆ ಸಮಾನ ತೂಕ, ಸುತ್ತಿಸುವ ಎಳೆತ ಇಲ್ಲ. ಪೋಲೆಂಡಿನ ಮಜುರ್ಕಾ ನೃತ್ಯದಲ್ಲಿ ಒತ್ತು ಎರಡರ ಮೇಲೋ ಮೂರರ ಮೇಲೋ ಹೋಗುತ್ತದೆ. ಜಾಝ್‌ನವರು ನುಡಿಸುವ ಮೂರರಲ್ಲಿ ಬಾಸ್ ಮೂರೂ ಬೀಟ್‌ನಲ್ಲಿ ನಡೆಯುತ್ತಿರುತ್ತದೆ, ಡ್ರಮ್ಸ್ ಬೇಕೆಂದೇ ಒಂದನ್ನು ಮರೆಮಾಡುತ್ತದೆ. ಕೇಳಲು ಸೊಗಸು, ಅನುಭವಿ ಜೋಡಿಗಳು ಕುಣಿಯಲೂ ಬಲ್ಲರು, ಕಲಿಯುವವರಿಗೆ ಬೇಡ. ಟ್ಯಾಂಗೋ ಕೂಟಗಳಲ್ಲಿ ‘ವಾಲ್ಸ್’ ಅಂತ ನುಡಿಸುವುದು ಮೂರರ ಎಣಿಕೆಯ ಸಂಗೀತವೇ ಆದರೂ ಅದಕ್ಕೆ ಹಾಕುವುದು ಟ್ಯಾಂಗೋ ಹೆಜ್ಜೆ.

ಆರು-ಎಂಟರ ಲಯದ ಹಾಡುಗಳ ಬಗ್ಗೆ ಗೊಂದಲ ಹೆಚ್ಚು. ನಿಧಾನ ಗತಿಯ ಪ್ರೇಮಗೀತೆಗಳು ಎಷ್ಟೋ ಈ ಲಯದಲ್ಲಿವೆ. ಕೇಳಿದರೆ ಒಂದು-ಎರಡು-ಮೂರು, ಒಂದು-ಎರಡು-ಮೂರು ಅಂತಲೇ ಕೇಳಿಸುತ್ತದೆ. ವ್ಯತ್ಯಾಸ ಇರುವುದು ಡ್ರಮ್ಸ್‌ನಲ್ಲಿ. ಮೊದಲ ಮೂರಕ್ಕೆ ಕಿಕ್ ಡ್ರಮ್‌ನ ಭಾರದ ಪೆಟ್ಟು, ಎರಡನೇ ಮೂರಕ್ಕೆ ಸ್ನೇರ್‌ನ ಚಟ್ ಎಂಬ ಪೆಟ್ಟು ಸರದಿಯಂತೆ ಬರುತ್ತಿದ್ದರೆ ಅದು ಆರು-ಎಂಟು, ಅಂದರೆ ತಿಸ್ರ ಗತಿಯಲ್ಲಿರುವ ಎರಡು ಪೆಟ್ಟು. ಇಂಥವನ್ನು ಕೈಬಿಡಲೇಬೇಕೆಂದಿಲ್ಲ. ಸಣ್ಣ ಎಣಿಕೆಯ ವೇಗ ಸ್ಲೋ ವಾಲ್ಟ್ಜ್‌ನದ್ದೋ ವಿಯೆನ್ನೀಸ್‌ನದ್ದೋ ಆಗಿದ್ದು, ತಳದ ವಾದ್ಯ ಪ್ರತಿ ಮೂರಕ್ಕೂ ಒಮ್ಮೆ ಬೀಳುತ್ತಿದ್ದರೆ ಕುಣಿಯಬಹುದು. ಬಾಸ್ ಆರಕ್ಕೊಮ್ಮೆ ಮಾತ್ರ ಬೀಳುತ್ತಿದ್ದರೆ ಪ್ರತಿ ಎರಡನೇ ಬಾರ್‌ನ ‘ಒಂದು’ ಖಾಲಿಯಾಗಿರುತ್ತದೆ. ಹೊಸಬರು ತಪ್ಪುವುದು ಸರಿಯಾಗಿ ಅಲ್ಲೇ.

3. ವೇಗ ಅಳೆಯಿರಿ

ಗಡಿಯಾರದಲ್ಲಿ 30 ಸೆಕೆಂಡ್ ನೋಡಿಕೊಳ್ಳಿ. ಹಾಡಿನ ನಡುಭಾಗದಿಂದ ‘ಒಂದು’ಗಳನ್ನಷ್ಟೇ ಎಣಿಸಿ, ಬಂದದ್ದನ್ನು ಎರಡರಿಂದ ಗುಣಿಸಿ. 14 ಅಥವಾ 15 ಬಂದರೆ ಸ್ಲೋ ವಾಲ್ಟ್ಜ್‌ಗೆ ಸರಿ. 29 ಅಥವಾ 30 ಬಂದರೆ ವಿಯೆನ್ನೀಸ್. 19, 20 ಬಂದರೆ ಮೇಲೆ ಹೇಳಿದ ನಡುವಿನ ಜಾಗ.

ಮೊಬೈಲ್‌ನಲ್ಲಿ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ತೋರಿಸುವ ಆ್ಯಪ್‌ಗಳಿವೆ. ಬೆರಳಿಂದ ತಟ್ಟಿ ಅಳೆಯುವಂಥವು ಒಳ್ಳೆಯವು. ಹಾಡು ಕೇಳಿ ತಾವೇ ಲೆಕ್ಕ ಹೇಳುವಂಥವನ್ನು ವಾಲ್ಟ್ಜ್ ವಿಷಯದಲ್ಲಿ ಪೂರ್ತಿ ನಂಬಬೇಡಿ. ನಾಲ್ಕರ ಎಣಿಕೆಯ ಹಾಡುಗಳನ್ನೇ ಮನಸ್ಸಿನಲ್ಲಿಟ್ಟು ಮಾಡಿದವು ಅವುಗಳಲ್ಲಿ ಹಲವು. ನಿಜವಾದ ವೇಗದ ಅರ್ಧವನ್ನೋ ಎರಡರಷ್ಟನ್ನೋ ತೋರಿಸುವುದು ಸಾಮಾನ್ಯ. 90 ಇರಬೇಕಾದಲ್ಲಿ 180 ಅಂತ ಬಂದರೆ ಸ್ಲೋ ವಾಲ್ಟ್ಜ್ ಹಾಡೊಂದು ವಿಯೆನ್ನೀಸ್ ಪಟ್ಟಿಗೆ ಹೋಗಿ ಕೂರುತ್ತದೆ. ಆ್ಯಪ್ ಏನೇ ಹೇಳಲಿ, ಒಮ್ಮೆ ಕೈಯಾರೆ ಎಣಿಸಿ.

ಹೊಸಬರಿಗೆ ಹಾಡು ನಿಧಾನವಾದಷ್ಟೂ ಸುಲಭ ಅನ್ನುವ ನಂಬಿಕೆ ಬಹಳ ಇದೆ. ಸ್ಲೋ ವಾಲ್ಟ್ಜ್‌ನಲ್ಲಿ ಇದು ನಿಜವಲ್ಲ. ಒಂದರ ಕೊನೆಗೆ ದೇಹ ಏರತೊಡಗುತ್ತದೆ, ಎರಡು ಮೂರರಲ್ಲಿ ಏರಿ ನಿಲ್ಲುತ್ತದೆ, ಮೂರರ ಕೊನೆಗೆ ಇಳಿಯುತ್ತದೆ. ಹಾಡು ನಿಮಿಷಕ್ಕೆ 26 ಬಾರ್‌ಗಿಂತ ಕೆಳಗಿಳಿದರೆ ಪಾದದ ಮುಂಭಾಗದ ಮೇಲೆ ತೂಗಿಕೊಂಡು ನಿಲ್ಲಬೇಕಾದ ಹೊತ್ತು ಹೆಚ್ಚುತ್ತದೆ. ಸಮತೋಲ ಗಟ್ಟಿಯಾಗಿರುವವರಿಗೆ ಅದು ಸಂತೋಷ. ಮೊನ್ನೆಮೊನ್ನೆ ಸೇರಿದವರು ಓಲಾಡುತ್ತಾರೆ, ಸಂಗಾತಿಯನ್ನು ಹಿಡಿದೆಳೆಯುತ್ತಾರೆ. ಅವರಿಗೆ 29–30 ಬಾರ್‌ನ ಹಾಡೇ ಹಿತ, ಒಂದು ಹೆಜ್ಜೆ ಮುಂದಿನದಕ್ಕೆ ತಾನಾಗಿ ದಾಟಿಸುತ್ತದೆ. ವಿಯೆನ್ನೀಸ್‌ನಲ್ಲಿ ಮಾತ್ರ ನಿಧಾನದಿಂದ ಶುರುಮಾಡುವುದು ಸರಿ. 48–50 ಬಾರ್‌ನಲ್ಲಿ ಸುತ್ತು ಕೈಗೂಡಿದ ಮೇಲೆ ನಿಧಾನಕ್ಕೆ 58ಕ್ಕೆ ಏರಿಸಬಹುದು.

4. ಲಯ ನಿಲ್ಲುತ್ತದೆಯೇ ನೋಡಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ಪಟ್ಟಿ ಮಾಡುವವರು ಮರೆಯುವುದೂ ಇದನ್ನೇ. ಒಮ್ಮೆ ಶುರುವಿನಲ್ಲಿ, ಒಮ್ಮೆ ನಡುವಿನಲ್ಲಿ, ಒಮ್ಮೆ ಕೊನೆಗೆ ವೇಗ ಅಳೆಯಿರಿ. ಮೂರರಲ್ಲೂ ಲೆಕ್ಕ ಒಂದೇ ಬಂದರೆ ಅದು ನಿಮ್ಮ ಹಾಡು.

ಸಂಗೀತ ಕಛೇರಿಗಾಗಿ ನುಡಿಸುವವರು ವೇಗವನ್ನು ಎಳೆಯುತ್ತಾರೆ, ಬಿಡುತ್ತಾರೆ, ಒಂದು ಸ್ವರದ ಮೇಲೆ ಉಸಿರು ಹಿಡಿದು ನಿಲ್ಲುತ್ತಾರೆ. ಅದು ಅವರ ಕಲೆ, ಅದಕ್ಕಾಗಿಯೇ ನಾವು ಕೇಳುವುದು. ಶೋಪೆನ್‌ನ ಪಿಯಾನೋ ವಾಲ್ಟ್ಜ್‌ಗಳನ್ನು ನುಡಿಸುವವರು ಈ ಎಳೆತ ಬಿಡುವುಗಳ ಮೇಲೇ ಅವಲಂಬಿಸಿರುತ್ತಾರೆ. ಅವುಗಳಿಗೆ ಜೋಡಿಯಾಗಿ ಕುಣಿಯಲು ಹೋದರೆ ನಾಲ್ಕು ಕಾಲೂ ಪಿಯಾನೋ ವಾದಕರ ಮರ್ಜಿಗೆ ಕಾಯಬೇಕು. ಚೈಕೋವ್‌ಸ್ಕಿಯ ಆರನೇ ಸಿಂಫನಿಯ ಎರಡನೇ ಭಾಗ ವಾಲ್ಟ್ಜ್‌ನಂತೆಯೇ ತೇಲುತ್ತದೆ, ಎಣಿಸಿ ನೋಡಿದರೆ ಐದರ ಲಯ. ರಾವೆಲ್ 1920ರಲ್ಲಿ ಮುಗಿಸಿದ ‘ಲಾ ವಾಲ್ಸ್’ನಲ್ಲಿ ವಾಲ್ಟ್ಜ್ ನಮ್ಮ ಕಣ್ಣೆದುರೇ ರೂಪುಗೊಂಡು ಕೊನೆಗೆ ಒಡೆದು ಚೂರಾಗುತ್ತದೆ. ಇವೆಲ್ಲ ಬಾಳಿಡೀ ಕೇಳಬೇಕಾದ ಸಂಗೀತ, ಡ್ಯಾನ್ಸ್ ಫ್ಲೋರ್‌ಗೆ ಮಾತ್ರ ತರಬೇಡಿ.

ಕುಣಿಯುವವರ ಈ ಕಷ್ಟ ಹೊಸದೇನಲ್ಲ. 1922ರಲ್ಲಿ ಬಾಲ್‌ರೂಮ್ ನೃತ್ಯದ ಮೊದಲ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಇಂಗ್ಲೆಂಡಿನ ವಿಕ್ಟರ್ ಸಿಲ್ವೆಸ್ಟರ್ ಆಮೇಲೆ ನೃತ್ಯಶಿಕ್ಷಕರಾದರು. ಲಯಕ್ಕೆ ಸರಿಯಾಗಿ ಕುಣಿಯಲು ಬರುವಂಥ ರೆಕಾರ್ಡುಗಳು ಸಿಗದೆ 1935ರಲ್ಲಿ ತಮ್ಮದೇ ವಾದ್ಯವೃಂದ ಕಟ್ಟಿದರು. ಪ್ರತಿ ನೃತ್ಯಕ್ಕೂ ಗೊತ್ತುಪಡಿಸಿದ ವೇಗ, ಮೊದಲ ಬಾರ್‌ನಿಂದ ಕೊನೆಯ ಬಾರ್‌ವರೆಗೆ ಅದೇ ವೇಗ. ಇದಕ್ಕೆ ಸ್ಟ್ರಿಕ್ಟ್ ಟೆಂಪೋ ಅಂತ ಹೆಸರು. ಆ ಬಗೆಯ ರೆಕಾರ್ಡಿಂಗ್‌ಗಳು ಇವತ್ತಿಗೂ ಬರುತ್ತಿವೆ. ಹೆಸರಾಂತ ಹಾಡುಗಳನ್ನೇ ಬಾಲ್‌ರೂಮ್ ವಾದ್ಯವೃಂದಗಳು ನಿಮಿಷಕ್ಕೆ ಇಂತಿಷ್ಟು ಬಾರ್ ಅಂತ ಬರೆದು ಕೊಡುತ್ತವೆ. ಸಂಗೀತ ಆ್ಯಪ್‌ಗಳಲ್ಲಿ ಹಾಡಿನ ಹೆಸರಿನ ಜೊತೆ ‘ಬಾಲ್‌ರೂಮ್’ ಅಥವಾ ‘ಸ್ಟ್ರಿಕ್ಟ್ ಟೆಂಪೋ’ ಸೇರಿಸಿ ಹುಡುಕಿದರೆ ಸಿಗುತ್ತವೆ. ಕೆಲವು ತೀರಾ ಸಪ್ಪೆ, ಒಪ್ಪುತ್ತೇನೆ. ಆದರೂ ಮೊದಲ ಆರು ತಿಂಗಳು ಅಭ್ಯಾಸಕ್ಕೆ ಅವನ್ನು ಬಿಟ್ಟು ಬೇರೇನೂ ಬಳಸಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾಲಿಗೆ ಒಂದು ಸ್ಥಿರವಾದ ಲಯ ಕೂತ ಮೇಲೆ ಅಲುಗುವ ಲಯವನ್ನೂ ನಿಭಾಯಿಸಬಹುದು.

ವಿಯೆನ್ನಾದ ವಾದ್ಯವೃಂದಗಳ ವಿಷಯ ಸ್ವಲ್ಪ ಬೇರೆ. ಅಲ್ಲಿಯ ಪರಂಪರೆಯಲ್ಲಿ ಎರಡನೇ ಬೀಟನ್ನು ಗಡಿಯಾರದ ಲೆಕ್ಕಕ್ಕಿಂತ ಒಂದು ಎಳೆ ಮೊದಲೇ ನುಡಿಸುತ್ತಾರೆ. ಮೂರನೆಯದಕ್ಕೆ ಮುಂಚೆ ಚೂರು ಬಿಡುವು ಉಳಿಯುತ್ತದೆ. ಆ ತುಯ್ತವೇ ಅವರ ವಾಲ್ಟ್ಜ್‌ನ ಜೀವಾಳ. ಹೊಸ ವರ್ಷದ ದಿನ ವಿಯೆನ್ನಾ ಫಿಲ್ಹಾರ್ಮೋನಿಕ್ ನುಡಿಸುವ ಕಛೇರಿಯನ್ನು ಟೀವಿಯಲ್ಲಿ ಕೇಳಿದವರಿಗೆ ಇದರ ರುಚಿ ಗೊತ್ತಿರುತ್ತದೆ. ಇದು ಲಯ ಅಲುಗುವುದಲ್ಲ. ಬಾರ್‌ನ ಒಳಗಿನ ಹಂಚಿಕೆ ಬದಲಾಗುತ್ತದೆ ಅಷ್ಟೇ, ‘ಒಂದು’ ತನ್ನ ಜಾಗದಲ್ಲೇ ಇರುತ್ತದೆ. ಇಂಥ ರೆಕಾರ್ಡಿಂಗ್ ಸಿಕ್ಕರೆ ಎರಡನೇ ಹೆಜ್ಜೆಯನ್ನು ಬೇಕೆಂದು ಬೇಗ ಇಡಲು ಹೋಗಬೇಡಿ. ಒಂದರಿಂದ ಒಂದಕ್ಕೆ ಸುತ್ತುತ್ತ ಹೋಗಿ, ನಡುವಿನದು ತಾನೇ ಹೊಂದಿಕೊಳ್ಳುತ್ತದೆ. ನೋಡಬೇಕಾದದ್ದು ಇನ್ನೊಂದು: ಹಲವು ವಾದ್ಯವೃಂದ ನಿರ್ದೇಶಕರು ‘ಬ್ಲೂ ಡ್ಯಾನ್ಯೂಬ್’ನ ಮೊದಲ ವಾಲ್ಟ್ಜನ್ನು ಬಹಳ ನಿಧಾನವಾಗಿ ಎತ್ತಿಕೊಂಡು ಕೆಲವು ಬಾರ್‌ಗಳ ನಂತರ ಪೂರ್ಣ ವೇಗಕ್ಕೆ ಬರುತ್ತಾರೆ. ಆ ಏರಿಕೆ ಎಷ್ಟು ಬಾರ್ ಹಿಡಿಯುತ್ತದೆ ಅಂತ ಮೊದಲೇ ಕೇಳಿಟ್ಟುಕೊಂಡಿದ್ದರೆ ಅಷ್ಟು ಹೊತ್ತು ಜಾಗದಲ್ಲೇ ತೂಗಾಡಿ ಆಮೇಲೆ ಸುತ್ತು ಶುರುಮಾಡಬಹುದು.

5. ವಾಕ್ಯ ಎಣಿಸಿ

ಹಾಡಿಗೂ ವಾಕ್ಯಗಳಿರುತ್ತವೆ. ಒಳ್ಳೆಯ ವಾಲ್ಟ್ಜ್ ಟ್ಯೂನ್‌ಗಳಲ್ಲಿ ಬಹುಪಾಲು ಎಂಟು ಬಾರ್‌ಗೊಂದು ವಾಕ್ಯ ಮುಗಿಯುತ್ತದೆ, ಹದಿನಾರಕ್ಕೆ ಅಥವಾ ಮೂವತ್ತೆರಡಕ್ಕೆ ಒಂದು ಖಂಡ. ನೆಲದ ಮೇಲೆ ಚೌಕ ಬರೆದಂತೆ ಹೆಜ್ಜೆಯಿಡುವ ಬಾಕ್ಸ್ ಸ್ಟೆಪ್ ಎರಡು ಬಾರ್‌ನದ್ದು, ವಿಯೆನ್ನೀಸ್‌ನ ಬಲ ಸುತ್ತೂ ಆರು ಹೆಜ್ಜೆಗೆ ಎರಡು ಬಾರ್. ನಾಲ್ಕು ಸಲ ಮಾಡಿದರೆ ಸಂಗೀತದ ಒಂದು ವಾಕ್ಯ ತುಂಬುತ್ತದೆ. ಹೊಸ ವಾಕ್ಯ ಶುರುವಾಗುವ ಹೊತ್ತಿಗೇ ದಿಕ್ಕು ಬದಲಿಸಿದರೆ ನೋಡುವವರಿಗೆ ಮೊದಲೇ ಕೂಡಿಸಿಟ್ಟ ನೃತ್ಯದಂತೆ ಕಾಣುತ್ತದೆ, ಕುಣಿಯುವವರಿಗೂ ಮುಂದೇನು ಅನ್ನುವ ಗಾಬರಿ ಇರುವುದಿಲ್ಲ.

ಹಾಡು ಹಾಕಿ ಹೀಗೆ ಎಣಿಸಿ: ಒಂದು-ಎರಡು-ಮೂರು, ಎರಡು-ಎರಡು-ಮೂರು, ಮೂರು-ಎರಡು-ಮೂರು… ಎಂಟು-ಎರಡು-ಮೂರು. ಎಂಟು ಮುಗಿದಾಗ ಟ್ಯೂನ್ ಕೂಡ ಉಸಿರು ತೆಗೆದುಕೊಂಡಿತೇ? ಎರಡು ಮೂರು ಸಲ ಹೀಗೆ ಹೊಂದಿದರೆ ಹಾಡಿನ ಕಟ್ಟಡ ಚೌಕವಾಗಿದೆ. ಈಚಿನ ಹಾಡುಗಳಲ್ಲಿ ಪಲ್ಲವಿಗೂ ಚರಣಕ್ಕೂ ನಡುವೆ ಒಂದೆರಡು ಬಾರ್ ಹೆಚ್ಚುವರಿ ತುರುಕಿರುವುದು ಉಂಟು. ಸ್ವತಂತ್ರವಾಗಿ ಕುಣಿಯುವಾಗ ಅಡ್ಡಿಯಿಲ್ಲ. ಮೊದಲೇ ಹೆಜ್ಜೆಗಳನ್ನು ಕೂಡಿಸಿಟ್ಟುಕೊಂಡಿದ್ದರೆ ಅಂಥ ಜಾಗವನ್ನು ಗುರುತು ಹಾಕಿಕೊಳ್ಳಲೇಬೇಕು.

6. ಶುರು ಮತ್ತು ಕೊನೆ

‘ಬ್ಲೂ ಡ್ಯಾನ್ಯೂಬ್’ ಪೂರ್ತಿ ನುಡಿಸಿದರೆ ಸುಮಾರು ಹತ್ತು ನಿಮಿಷ. ಮೊದಲಿಗೆ ಪಿಟೀಲುಗಳ ನಡುಕದ ಮೇಲೆ ಹಾರ್ನ್ ಮೆಲ್ಲಗೆ ಎದ್ದು ಬರುವ ದೀರ್ಘ ಪೀಠಿಕೆ, ಆಮೇಲೆ ಒಂದಾದ ಮೇಲೊಂದು ಐದು ವಾಲ್ಟ್ಜ್, ಕೊನೆಗೊಂದು ಉಪಸಂಹಾರ. ಸ್ಟ್ರಾಸ್‌ನ ‘ಎಂಪರರ್ ವಾಲ್ಟ್ಜ್’ ಶುರುವಾಗುವುದು ಮಾರ್ಚ್ ನಡಿಗೆಯಲ್ಲಿ. ಚೈಕೋವ್‌ಸ್ಕಿಯ ‘ನಟ್‌ಕ್ರ್ಯಾಕರ್’ ಬ್ಯಾಲೆಯ ಹೂಗಳ ವಾಲ್ಟ್ಜ್‌ನಲ್ಲಿ ಪೀಠಿಕೆಯ ನಡುವೆ ಹಾರ್ಪ್ ಒಂಟಿಯಾಗಿ ಹರಿದಾಡುತ್ತದೆ. ಕೂಟದಲ್ಲಿ ಇವನ್ನು ಹಾಗೇ ಹಾಕಿದರೆ ಜೋಡಿಗಳು ಕೈ ಹಿಡಿದುಕೊಂಡು ಮುಖ ಮುಖ ನೋಡುತ್ತ ನಿಲ್ಲಬೇಕಾಗುತ್ತದೆ. ಪೀಠಿಕೆ ಕತ್ತರಿಸಿ. ಆದರೆ ಮೊದಲ ಹೆಜ್ಜೆಗೆ ನಾಲ್ಕು ಬಾರ್‌ನಷ್ಟಾದರೂ ಮುಂಚೆ ಲಯ ಕೇಳಿಸಬೇಕು, ಕೈ ಹಿಡಿದು ಭಂಗಿಗೆ ಬಂದು ಉಸಿರೆಳೆದುಕೊಳ್ಳಲು ಅಷ್ಟು ಬೇಕು.

ಕೊನೆಯದು ಇನ್ನೂ ಸೂಕ್ಷ್ಮ. ವೇಬರ್ 1819ರಲ್ಲಿ ಪಿಯಾನೋಗೆ ಬರೆದ ‘ಇನ್ವಿಟೇಶನ್ ಟು ದ ಡಾನ್ಸ್’ನಲ್ಲಿ ಯುವಕನೊಬ್ಬ ಹುಡುಗಿಯನ್ನು ನೃತ್ಯಕ್ಕೆ ಕರೆಯುವ ನಿಧಾನದ ಮಾತುಕತೆ ಮೊದಲಿಗಿದೆ. ವಾಲ್ಟ್ಜ್ ಅಬ್ಬರದಿಂದ ಮುಗಿದ ಮೇಲೆ ಅದೇ ಮೆಲುದನಿ ವಾಪಸು ಬಂದು ವಂದನೆ ಹೇಳುತ್ತದೆ. ಅಬ್ಬರ ನಿಂತ ಕೂಡಲೇ ಮುಗಿಯಿತೆಂದು ಸಭೆ ಚಪ್ಪಾಳೆ ತಟ್ಟಿಬಿಡುವುದು ಈ ಕೃತಿಯ ಹಳೆಯ ಕಥೆ. ಡ್ಯಾನ್ಸ್ ಫ್ಲೋರ್‌ನಲ್ಲೂ ಹಾಗೇ. ಸುಳ್ಳು ಮುಕ್ತಾಯ ಇರುವ ಹಾಡಿಗೆ ಅರ್ಧ ಜನ ನಿಲ್ಲುತ್ತಾರೆ, ಉಳಿದರ್ಧ ಬಂದು ಅವರಿಗೆ ಢಿಕ್ಕಿ ಹೊಡೆಯುತ್ತಾರೆ. ಹಾಡು ಮುಗಿಯುವುದು ಎಲ್ಲರಿಗೂ ಒಟ್ಟಿಗೆ ಗೊತ್ತಾಗುವಂತಿರಲಿ. ಅಂಥ ಮುಕ್ತಾಯ ಇಲ್ಲದಿದ್ದರೆ ಒಂದು ವಾಕ್ಯ ಮುಗಿಯುವ ಜಾಗ ನೋಡಿ ಐದಾರು ಸೆಕೆಂಡಿನಲ್ಲಿ ದನಿ ತಗ್ಗಿಸಿ.

ಉದ್ದದ ಬಗ್ಗೆ: ಸ್ಲೋ ವಾಲ್ಟ್ಜ್‌ಗೆ ಎರಡೂವರೆಯಿಂದ ಮೂರು ನಿಮಿಷ ಹಿತ. ವಿಯೆನ್ನೀಸ್‌ಗೆ ಎರಡು ನಿಮಿಷ ಸಾಕು. ನಿಮಿಷಕ್ಕೆ 58 ಬಾರ್‌ನಂತೆ ಎರಡು ನಿಮಿಷ ಸುತ್ತಿದರೆ 348 ಹೆಜ್ಜೆಯಾಗುತ್ತದೆ, ಅಭ್ಯಾಸವಿಲ್ಲದವರ ಉಸಿರು ಅಷ್ಟರಲ್ಲಿ ಮೇಲೆ ಹತ್ತಿರುತ್ತದೆ.

7. ಆಮೇಲೆ ಮನಸ್ಸಿಗೆ ಬಂದದ್ದು

ಇಷ್ಟು ಸೋಸಿದ ಮೇಲೆ ಉಳಿದ ಹಾಡುಗಳಲ್ಲಿ ನಿಮಗೆ ಪ್ರೀತಿ ಹುಟ್ಟಿಸುವುದನ್ನು ಆರಿಸಿ. ಸ್ಲೋ ವಾಲ್ಟ್ಜ್‌ಗೆ ಎಳೆದು ನುಡಿಸುವ ತಂತಿವಾದ್ಯಗಳು, ಉದ್ದ ಸ್ವರಗಳಲ್ಲಿ ಸಾಗುವ ಗಾಯನ ಚೆನ್ನ. ಎರಡರಲ್ಲಿ ಏರಿದ ದೇಹವನ್ನು ಮೂರರವರೆಗೆ ಹಿಡಿದು ನಿಲ್ಲಿಸುವುದು ಆ ನಿಲ್ಲದ ನಾದವೇ. ತುಂಡು ತುಂಡಾಗಿ ಮೀಟಿದ ಗಿಟಾರ್ ಮಾತ್ರ ಇರುವ ಹಾಡಿಗೆ ಹೆಜ್ಜೆಯೂ ತುಂಡಾಗುತ್ತದೆ. ಒಂದೇ ಹಾಡಿನ ಎರಡು ರೆಕಾರ್ಡಿಂಗ್ ಹಾಕಿ ಕುಣಿದು ನೋಡಿದರೆ ಇದು ದೇಹಕ್ಕೇ ಗೊತ್ತಾಗುತ್ತದೆ.

ಮದುವೆಯಲ್ಲಿ ನವಜೋಡಿಯ ಮೊದಲ ನೃತ್ಯಕ್ಕೆ ಆರಿಸುವವರು ಸಾಹಿತ್ಯವನ್ನು ಪೂರ್ತಿ ಓದಿ. ಟ್ಯೂನ್ ಎಷ್ಟೋ ಸಲ ಮಾತನ್ನು ಮರೆಸಿಬಿಡುತ್ತದೆ. ‘ಟೆನೆಸಿ ವಾಲ್ಟ್ಜ್’ ಎಷ್ಟು ಮಧುರ! ಆದರೆ ಅದರಲ್ಲಿ ಹಾಡುವವರು ನೆನೆಸಿಕೊಳ್ಳುವುದು, ಕುಣಿಯುತ್ತಿದ್ದಾಗ ಸ್ನೇಹಿತರೊಬ್ಬರಿಗೆ ತಮ್ಮ ಪ್ರಿಯತಮರನ್ನು ಪರಿಚಯ ಮಾಡಿಕೊಟ್ಟಿದ್ದನ್ನು, ಆ ಸ್ನೇಹಿತರೇ ಅವರನ್ನು ಕಸಿದುಕೊಂಡದ್ದನ್ನು. ಇನ್ನೊಂದು, ಮದುವೆಯ ಉಡುಪಿನ ಸುತ್ತಳತೆ. ನೆಲ ಮುಟ್ಟುವ ಅಗಲದ ಲಂಗದಲ್ಲಿ ವಿಯೆನ್ನೀಸ್ ವೇಗಕ್ಕೆ ಸುತ್ತುವುದು ಪಳಗಿದವರಿಗೇ ಕಷ್ಟ. ಅಂದು ಹಾಕುವ ಬಟ್ಟೆಯಷ್ಟೇ ಅಗಲದ, ಅಷ್ಟೇ ಉದ್ದದ ಯಾವುದನ್ನಾದರೂ ಉಟ್ಟು, ಅದೇ ಚಪ್ಪಲಿಯಲ್ಲಿ, ಆರಿಸಿದ ಹಾಡಿಗೆ ಒಮ್ಮೆ ಕುಣಿದು ನೋಡದೆ ಹಾಡು ಖಾಯಂ ಮಾಡಬೇಡಿ.

8. ವೇಗ ತುಸು ಹೆಚ್ಚುಕಡಿಮೆ ಇದ್ದರೆ

ಮನಸೋತ ಹಾಡು 31 ಅಥವಾ 32 ಬಾರ್‌ನಲ್ಲಿದ್ದರೆ ಬಿಡಬೇಕಾಗಿಲ್ಲ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಶ್ರುತಿ ಬದಲಿಸದೆ ವೇಗ ಮಾತ್ರ ಬದಲಿಸುವ ಸೌಲಭ್ಯವಿದೆ. ಚೇಂಜ್ ಟೆಂಪೋ ಅನ್ನುವುದನ್ನೇ ಬಳಸಿ. ಚೇಂಜ್ ಸ್ಪೀಡ್ ಆ್ಯಂಡ್ ಪಿಚ್ ಒತ್ತಿದರೆ ಗಾಯಕರ ದನಿಯೂ ತಗ್ಗುತ್ತದೆ. ಶೇಕಡಾ ಐದಾರರವರೆಗಿನ ಬದಲಾವಣೆ ಕೇಳುವವರ ಗಮನಕ್ಕೆ ಬರುವುದು ಕಡಿಮೆ. ಹತ್ತನ್ನು ದಾಟಿದರೆ ದನಿ ಅಲೆಅಲೆಯಾಗುತ್ತದೆ, ತಾಳವಾದ್ಯದ ಪೆಟ್ಟು ಮೊಂಡಾಗುತ್ತದೆ. ಪೀಠಿಕೆ ಕತ್ತರಿಸುವುದು, ಕೊನೆಗೆ ದನಿ ತಗ್ಗಿಸುವುದು, ಎಲ್ಲ ಹಾಡುಗಳ ಗಟ್ಟಿತನ ಒಂದೇ ಮಟ್ಟಕ್ಕೆ ತರುವುದು ಎಲ್ಲವೂ ಅಲ್ಲೇ ಆಗುತ್ತದೆ. ಹಳೆಯ ರೆಕಾರ್ಡಿಂಗ್ ಪಕ್ಕದಲ್ಲಿ ಹೊಸದನ್ನು ಹಾಕಿದರೆ ಹೊಸದು ಕಿರುಚಿದಂತಾಗುತ್ತದೆ, ಹಾಗಾಗಿ ಈ ಕೊನೆಯ ಕೆಲಸ ಬಿಡಬೇಡಿ.

9. ಕೂಟಕ್ಕೆ ಪಟ್ಟಿ ಮಾಡುವಾಗ

ಕೂಟಕ್ಕೆ ಬರುವವರಲ್ಲಿ ಹೊಸಬರು ಎಷ್ಟು, ಜಾಗ ಎಷ್ಟು ಅನ್ನುವುದರ ಮೇಲೆ ಪಟ್ಟಿ ನಿಲ್ಲುತ್ತದೆ. ವಾಲ್ಟ್ಜ್‌ನಲ್ಲಿ ಜೋಡಿಗಳು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸಭಾಂಗಣ ಸುತ್ತುತ್ತಾರೆ. ಜಾಗ ಇಕ್ಕಟ್ಟಾಗಿದ್ದರೆ ವಿಯೆನ್ನೀಸ್ ಪೂರ್ಣ ವೇಗದಲ್ಲಿ ಅಪಾಯ. 50–54 ಬಾರ್‌ನವನ್ನು ಹಾಕಿ, ಇಲ್ಲವೇ ಆ ದಿನ ಸ್ಲೋ ವಾಲ್ಟ್ಜ್‌ಗಳಲ್ಲೇ ಮುಗಿಸಿ. ಎರಡು ವಿಯೆನ್ನೀಸ್ ಬೆನ್ನುಬೆನ್ನಿಗೆ ಬೇಡ. ಒಂದಾದ ಮೇಲೆ ನಿಧಾನದ್ದೋ ನಾಲ್ಕರ ಎಣಿಕೆಯದ್ದೋ ಬಂದರೆ ತಲೆಸುತ್ತು ಇಳಿಯುತ್ತದೆ. ಸ್ಪಷ್ಟವಾದ ‘ಒಂದು’ ಇರುವ ಹಾಡುಗಳನ್ನು ಮೊದಲ ಅರ್ಧಗಂಟೆಗೆ ಇಡಿ, ಕಾಲುಗಳು ಕಾದ ಮೇಲೆ ಜಾಝ್ ಬಣ್ಣದವು ಬರಲಿ. ಫೈಲಿನ ಹೆಸರಿಗೆ ಬಾರ್ ಲೆಕ್ಕ ಸೇರಿಸಿಟ್ಟರೆ, ಉದಾಹರಣೆಗೆ ‘29 ಸ್ಲೋ’ ಅಂತ, ಕೂಟದ ನಡುವೆ ಹಾಡು ಬದಲಿಸಬೇಕಾದಾಗ ಹುಡುಕಾಟ ತಪ್ಪುತ್ತದೆ. ಸಾರ್ವಜನಿಕ ಕಾರ್ಯಕ್ರಮವಾದರೆ ರೆಕಾರ್ಡ್ ಮಾಡಿದ ಸಂಗೀತ ನುಡಿಸಲು ಪರವಾನಗಿ ಬೇಕಾಗಬಹುದು, ಸಭಾಂಗಣದವರನ್ನು ಮುಂಚೆಯೇ ಕೇಳಿ.

ರೆಕಾರ್ಡಿನ ಬದಲು ವಾದ್ಯವೃಂದವನ್ನೇ ಕರೆಸುತ್ತಿದ್ದರೆ ‘ಒಂದು ಒಳ್ಳೆ ವಾಲ್ಟ್ಜ್ ನುಡಿಸಿ’ ಅಂದರೆ ಸಾಲದು. ಮುಖ್ಯಸ್ಥರಿಗೆ ಮೂರು ವಿಷಯ ಬರೆದು ಕೊಡಿ: ನಿಮಿಷಕ್ಕೆ ಎಷ್ಟು ಬಾರ್, ಶುರುವಿಗೆ ನಾಲ್ಕು ಬಾರ್ ಲಯ ಮಾತ್ರ ನುಡಿಸಬೇಕು, ಕೊನೆಯ ಎರಡು ಬಾರ್ ಬಿಟ್ಟು ಬೇರೆಲ್ಲೂ ವೇಗ ತಗ್ಗಿಸಬಾರದು. ಸಂಗೀತಗಾರರ ಕೈ ಬಿಸಿಯಾದಂತೆ ವೇಗ ಏರುವುದು ಸಹಜ. ಎರಡನೇ ಹಾಡಿನ ಹೊತ್ತಿಗೆ ಒಮ್ಮೆ 30 ಸೆಕೆಂಡ್ ಎಣಿಸಿ ನೋಡಿ, ಏರಿದ್ದರೆ ಆ ಹಾಡು ಮುಗಿದ ಕೂಡಲೇ ಡ್ರಮ್ಸ್ ನುಡಿಸುವವರ ಬಳಿ ಹೋಗಿ ಹೇಳಿ. ವೇದಿಕೆಯ ಮೇಲೆ ಲಯದ ಲಗಾಮು ಹೆಚ್ಚಾಗಿ ಅವರ ಕೈಯಲ್ಲೇ ಇರುತ್ತದೆ.